ಸೆರಗಿನ ಕಲ್ಲುಸಕ್ಕರೆ

ನಮ್ಮ ಅಕ್ಕೋರ ಸೆರಗಿನ ತುದಿಯಲ್ಲಿ ಯಾವಾಗಲೂ ನೆಲ್ಲಿಕಾಯಿ ಗಾತ್ರದ ಗಂಟೊಂದು ಇರುತ್ತಿತ್ತು. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ನಮ್ಮ ಟೀಚರು. ಗಂಟಿನಲ್ಲಿ ಒಂದು ಕಲ್ಲುಸಕ್ಕರೆ ತುಂಡು ಇದೆಯೆಂದು ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಯ ಅಕ್ಕೋರು ಕದ್ದು ತಿನ್ನುತ್ತಾರೆ ಎಂದು ನಗುವವರಲ್ಲಿ ನಾನೇ ಮುಂದು.

ಏಳನೆಯ ತರಗತಿಯಲ್ಲಿ ನಾನು ಸೊರಗಿ ಕಡ್ಡಿಯಾದೆ. ಪಾಠದ ನಡುವೆ ಹತ್ತು ಸಲ ನೀರಿಗೆ, ಹತ್ತು ಸಲ ಹೊರಗೆ. ದೃಷ್ಟಿಯಾಗಿದೆ ಎಂದು ಅವ್ವ ಮೆಣಸಿನಕಾಯಿ ಸುಟ್ಟಳು. ಅಕ್ಕೋರು ಮಾತ್ರ ಮನೆಗೆ ಕರೆದೊಯ್ದು, ನನ್ನ ಮೂತ್ರದ ಕೆಲವು ಹನಿಗಳನ್ನು ನೀಲಿ ಔಷಧಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆಗೆಂಪು ಬಂತು, ಸಕ್ಕರೆಯ ಗುರುತು. ಅವತ್ತೇ ನನ್ನನ್ನೂ ಅವ್ವನನ್ನೂ ಬಳ್ಳಾರಿ ಬಸ್ಸು ಹತ್ತಿಸಿ, ದವಾಖಾನೆಗೆ ತಾವೂ ಬಂದರು.

ಬದುಕಿರುವ ತನಕ ಇಂಜಕ್ಷನ್ನು ಎಂದು ಡಾಕ್ಟರು ಹೇಳಿದಾಗ ಅವ್ವ ಅತ್ತಳು. ಆಮೇಲೆ ದಿನಾ ಬೆಳಿಗ್ಗೆ ಅಕ್ಕೋರ ಮನೆಯಲ್ಲೇ ನನ್ನ ಸೂಜಿ. ಎರಡು ಗಾಜಿನ ಸಿರಿಂಜು ಕುದಿಸಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯಿಂದ ಇನ್ಸುಲಿನ್ ಸೀಸೆ ತೆಗೆದು, ಮೊದಲು ತಮ್ಮ ತೊಡೆಗೆ ಚುಚ್ಚಿಕೊಳ್ಳುವರು, ಹೂ ಕಟ್ಟುವಷ್ಟು ಸಲೀಸಾಗಿ. ನಾನು ಬೆರಗಾಗಿ ನೋಡುತ್ತಿದ್ದೆ. ಊರ ಸುತ್ತ ಭತ್ತದ ಗದ್ದೆ. ಅಕ್ಕೋರು ಮಾತ್ರ ಒಂದೂವರೆ ಜೋಳದ ರೊಟ್ಟಿ, ಒಂದು ಹಿಡಿ ಅನ್ನಕ್ಕೆ ಕೈ ತೊಳೆದು ಏಳುವರು!

"ಸೂಜಿ ತಪ್ಪಿಸಬ್ಯಾಡ. ಸೂಜಿ ಆದಮ್ಯಾಲ ಊಟಾನೂ ತಪ್ಪಿಸಬ್ಯಾಡ," ಅನ್ನುತ್ತಿದ್ದರು. ನಾನು ಅರ್ಧ ಮಾತು ಮಾತ್ರ ಕೇಳಿಸಿಕೊಂಡಿದ್ದೆ.

ಶಿವರಾತ್ರಿ ಬಂತು. ಸೂಜಿ ತೆಗೆದುಕೊಂಡು, ಮನೆಯಲ್ಲಿ ರೊಟ್ಟಿ ತಿನ್ನುತ್ತೇನೆಂದು ಅಕ್ಕೋರಿಗೆ ಸುಳ್ಳು ಹೇಳಿ, ಎಲ್ಲರಂತೆ ಉಪವಾಸ ಮಾಡಿದೆ. ಗುಡಿಯ ಪಾಳಿಯಲ್ಲಿ ನಿಂತಾಗ ಮೈಯೆಲ್ಲ ಬೆವರಿತು, ಕೈ ನಡುಗಿತು, ಕುಸಿದು ಕೂತೆ. ಹಿಂದೆಯೇ ಇದ್ದ ಅಕ್ಕೋರು ಗಂಟು ಬಿಚ್ಚಿ ಕಲ್ಲುಸಕ್ಕರೆಯನ್ನು ನನ್ನ ಬಾಯಿಗಿಟ್ಟರು.

"ಅಗಿ ಲೇ, ಅಗಿ! ಸಕ್ಕರಿ ಇಳದೈತಿ ನಿನಗ!"

ಆಗ ತಿಳಿಯಿತು, ಆ ಗಂಟು ಯಾಕೆಂದು. ಆಮೇಲೆ ತಮ್ಮ ಪೂಜೆಯ ತಟ್ಟೆಯಿಂದ ಬಾಳೆಹಣ್ಣು ತೆಗೆದು ಸುಲಿದರು. ನಮ್ಮಜ್ಜಿ ಹೌಹಾರಿದಳು: "ಇನ್ನಾ ನೈವೇದ್ಯ ಆಗಿಲ್ರೀ ಅಕ್ಕೋರ! ಪಾಪ ಬರತೈತ್ರಿ!"

"ಬರಲಿ ಬಿಡ್ರಿ ಅಮ್ಮಾ, ಅದರಾಗ ಅರ್ಧ ನನಗಿರಲಿ," ಎಂದು ಹಣ್ಣು ಮುರಿದು ಅರ್ಧ ನನಗೆ ಕೊಟ್ಟು, ಉಳಿದರ್ಧ ಅಷ್ಟು ಜನರ ಎದುರೇ ತಾವು ತಿಂದರು. ಅಂಥ ಧೈರ್ಯವನ್ನು ನಾನು ಮತ್ತೆ ಕಂಡಿಲ್ಲ.

ಮರುದಿನದಿಂದ ಅವರ ಸೆರಗಿನ ಗಂಟು ತುಸು ದಪ್ಪವಾಯಿತು. ಯಾಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಅವರು ತೀರಿಕೊಂಡಾಗ ನಾನು ಬಳ್ಳಾರಿಯಲ್ಲಿ ಟೀಚರಾಗಿದ್ದೆ. ಸುದ್ದಿ ತಿಳಿದು ಓಡಿದೆ. ಮೈ ತೊಳೆಸುವ ಮುಂಚೆ ಅವರ ತಂಗಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ತುಂಡು ಕಲ್ಲುಸಕ್ಕರೆ.

"ಒಂದು ಸಾಲದೇನು, ಎರಡ್ಯಾಕ ಕಟಗೊಂಡಾಳ ಇಕಿ?"

"ಒಂದು ನಂದ್ರೀ," ಎಂದೆ.