ಆರು ದಿನದ ಅನೌನ್ಸರ್

ಭದ್ರಾವತಿಯ ಸರ್ಕಾರಿ ರೇಡಿಯೋ ಕೇಂದ್ರದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಒಂದೇ ಕಾರಣಕ್ಕೆ: ಸಮಿತಿಯಲ್ಲಿ ಕನ್ನಡ ಟೈಪಿಂಗ್ ಬರುತ್ತಿದ್ದುದು ನನಗೊಬ್ಬಳಿಗೆ. ಶಿವಮೊಗ್ಗದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಗೆದ್ದು ಮನೆಯ ಶೋಕೇಸಿನಲ್ಲಿ ಕಪ್ಪುಗಳಿಗೆ ಜಾಗ ಸಾಲದಂತೆ ಮಾಡಿದ್ದೆ. ಹಾಗಾಗಿ ಮರ್ಯಾದೆಗೆ, "ಹುಡುಗಿಯ ಭಾಷೆ ಚೆನ್ನಾಗಿದೆ" ಎಂದೂ ಸೇರಿಸಿದರು.

ಇತಿಹಾಸ ಎಂದು ನನ್ನ ಕೈಗೆ ಕೊಟ್ಟದ್ದು ಒಂದು ಫೈಲು. ಅದರಲ್ಲಿ ಇದುವರೆಗೆ ಬಂದುಹೋದ ಅಧಿಕಾರಿಗಳು, ಒಬ್ಬೊಬ್ಬರಿಗೆ ಒಂದು ಫೋಟೋ, ಒಂದು ಪ್ಯಾರಾ. ಎಲ್ಲರ ಕಾಲದಲ್ಲೂ ಕೇಂದ್ರ ಹೊಸ ಎತ್ತರಕ್ಕೆ ಏರಿತ್ತು. ಬಂದ ದಿನದಿಂದಲೇ ಮೈಸೂರಿಗೆ ವರ್ಗ ಮಾಡಿಕೊಡಿ ಎಂದು ಅರ್ಜಿ ಬರೆಯುತ್ತಾ ಕೂತವರೂ ಅದನ್ನು ಎತ್ತರಕ್ಕೇ ಒಯ್ದಿದ್ದರು. ಇಷ್ಟು ಜನ ಎತ್ತಿದ ಮೇಲೂ ಆ ಕಟ್ಟಡ ಇನ್ನೂ ನೆಲದ ಮೇಲೆ ಹೇಗಿದೆಯೋ ನನಗೆ ಅರ್ಥವಾಗಿಲ್ಲ.

ಫೈಲಿನಲ್ಲಿ ದೊಡ್ಡಮ್ಮ ಇರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ, ಭದ್ರಾವತಿಯ ಓಲ್ಡ್ ಟೌನಿನವರು. ನಾನು ಹುಟ್ಟುವ ಮೊದಲಿನಿಂದಲೂ ಆ ಕೇಂದ್ರದಲ್ಲಿ ಅನೌನ್ಸರ್. ಆದರೆ ಕ್ಯಾಶುಯಲ್. ತಿಂಗಳಿಗೆ ಆರು ದಿನಕ್ಕಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. ಕೊಟ್ಟರೆ ನಾಳೆ ನೌಕರಿ ಕೇಳಿಬಿಟ್ಟಾರು ಎಂಬ ಭಯ. ಪ್ರತಿ ಸಲವೂ ಹೊಸ ಕರಾರು ಪತ್ರ, ಹೊಸ ಸಹಿ. ಹಾಗಾಗಿ ನಮ್ಮ ದೊಡ್ಡಮ್ಮ ಒಂದೇ ಕೆಲಸಕ್ಕೆ ತಿಂಗಳಿಗೆ ಆರು ಸಲ ಸೇರಿ, ಆರು ಸಲ ಬಿಟ್ಟವರು. ಉಳಿದ ದಿನಗಳಲ್ಲಿ, ಬರಬೇಕಾದ ಪರ್ಮನೆಂಟ್‌ನವರಿಗೆ ಜ್ವರ ಬಂದರೆ ಆ ನಿಯಮಕ್ಕೂ ಜ್ವರ ಬರುತ್ತಿತ್ತು. ಆಗ ಬೇರೊಬ್ಬರ ಹೆಸರಿನ ಕರಾರಿನಲ್ಲಿ ದೊಡ್ಡಮ್ಮ ಹೋಗಿ ಮಾತಾಡಿ ಬರುತ್ತಿದ್ದರು.

ರೈತರ ಕಾರ್ಯಕ್ರಮದಲ್ಲಿ ಏನೂ ತಿಳಿಯದ ಹಳ್ಳಿ ಅಕ್ಕನ ಪಾತ್ರವೂ ಅವರದೇ. ಜೀವನದಲ್ಲಿ ಗದ್ದೆಗೆ ಕಾಲಿಟ್ಟವರಲ್ಲ. ಆದರೂ ಪ್ರತಿ ಮಳೆಗಾಲದ ಆರಂಭದಲ್ಲಿ, "ಅಲ್ಲಾ ಸಾರ್, ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೀಬೇಕು?" ಎಂದು ಅದೇ ಆಶ್ಚರ್ಯದಲ್ಲಿ ಕೇಳುತ್ತಿದ್ದರು. ಕಳೆದ ವರ್ಷವೂ ಕೇಳಿದ್ದನ್ನು ಮರೆತವರಂತೆ ತಜ್ಞರೂ ಹುಮ್ಮಸ್ಸಿನಿಂದ ಉತ್ತರಿಸುತ್ತಿದ್ದರು. ತಜ್ಞರು ಬದಲಾದರು. ಪ್ರಶ್ನೆ ಕೇಳುವ ಅಕ್ಕ ಬದಲಾಗಲಿಲ್ಲ.

ಯಾರ ಹತ್ತಿರವೂ ಏನನ್ನೂ ಕೇಳದ ದೊಡ್ಡಮ್ಮ ಆವತ್ತು ನನ್ನನ್ನು ಕೇಳಿದರು.

"ಒಂದು ಸಾಲು ಹಾಕಿಸ್ತೀಯೇನೇ? ಇಂಥವಳೊಬ್ಬಳು ಇಲ್ಲಿ ಮಾತಾಡ್ತಿದ್ಲು ಅಂತ. ಫೋಟೋ ಗೀಟೋ ಏನೂ ಬೇಡ ಮಾರಾಯ್ತಿ."

ಫೋಟೋ ಬೇಡ ಎಂದವರು ಬೀರುವಿನಿಂದ ಮೂರು ಫೋಟೋ ಆರಿಸಿ ಮೇಜಿನ ಮೇಲೆ ಇಟ್ಟಿದ್ದರು.

ಸಮಿತಿಯ ಅಧ್ಯಕ್ಷರು ನಿವೃತ್ತ ಅಧಿಕಾರಿ. ಈ ಕೇಂದ್ರದಲ್ಲಿ ಎರಡೂವರೆ ವರ್ಷ ಇದ್ದವರು. ಫೈಲಿನಲ್ಲಿ ಅವರಿಗೆ ಮಾತ್ರ ಎರಡು ಪುಟ. ದೊಡ್ಡಮ್ಮನ ಆ ಒಂದು ಸಾಲಿಗಾಗಿ ನಾನು ಪೂರ್ವಪಕ್ಷ, ಉತ್ತರಪಕ್ಷ ಎಲ್ಲ ಸಿದ್ಧಮಾಡಿಕೊಂಡೇ ಸಭೆಗೆ ಹೋಗಿದ್ದೆ.

"ನೋಡಮ್ಮ, ಇದು ಸಿಬ್ಬಂದಿಯ ಇತಿಹಾಸ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ" ಎಂದರು.

"ಕೇಳುಗರ ಹತ್ರ ಹಾಜರಿ ಪುಸ್ತಕ ಇರ್ಲಿಲ್ಲ ಸಾರ್. ಅವರು ಕೇಳಿದ್ದು ಯಾರ ದನಿ?"

"ದನಿ ಬೇರೆ, ಸಿಬ್ಬಂದಿ ಬೇರೆ."

"ರೇಡಿಯೋದಲ್ಲೂನಾ ಸಾರ್?"

ಅಕ್ಕಪಕ್ಕದವರು ನಕ್ಕರು. ನನಗೆ ಧೈರ್ಯ ಬಂತು. "ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿಗೂ ಒಂದು ಹೆಸರಿಟ್ಟಿದ್ದಾರೆ ಸಾರ್."

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಹುಲಿ ಪರ್ಮನೆಂಟಮ್ಮ" ಎಂದರು.

ಇಡೀ ಸಭೆ ನಕ್ಕಿತು. ನ್ಯಾಯವಾಗಿ ಹೇಳಬೇಕೆಂದರೆ, ಒಳ್ಳೆಯ ಉತ್ತರ. ನಾನು ತೀರ್ಪುಗಾರಳಾಗಿದ್ದರೂ ಅಂಕ ಅವರಿಗೇ ಕೊಡುತ್ತಿದ್ದೆ. ಸಂಚಿಕೆ ಅಚ್ಚಾಯಿತು, ದೊಡ್ಡಮ್ಮನ ಒಂದು ಸಾಲು ಬರಲಿಲ್ಲ. ಸಂಪಾದಕಿ ಎಂದು ಒಳಪುಟದಲ್ಲಿ ನನ್ನ ಹೆಸರು ಬಂತು. ರಾಜೀನಾಮೆ ಕೊಡಬಹುದಿತ್ತು. ಕೊಡಲಿಲ್ಲ. ಹೆಸರು ಅಚ್ಚಾಗುವ ಆಸೆ ದೊಡ್ಡಮ್ಮನಿಗೆ ಮಾತ್ರ ಇತ್ತೆಂದು ಬರೆದರೆ ಸುಳ್ಳಾಗುತ್ತದೆ.

ಸಮಾರಂಭಕ್ಕೆ ನಿರೂಪಣೆ ಯಾರದು? ಮತ್ತ್ಯಾರದು, ದೊಡ್ಡಮ್ಮನದೇ. "ಅವರನ್ನ ನಾವು ಮರೆತಿಲ್ಲ ನೋಡಮ್ಮ" ಎಂದು ಅಧ್ಯಕ್ಷರು ನನಗೆ ಕೇಳುವಂತೆ ಹೇಳಿದರು. ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಬಂದು, ಅಧಿಕಾರಿಗಳ ಪಟ್ಟಿಯನ್ನು ಒಬ್ಬರ ಹೆಸರಿಗೂ ಧಕ್ಕೆಯಾಗದಂತೆ ಓದಿದರು. ಓದಿ ಮುಗಿಸಿ ಹಾಳೆ ಮಡಚಿದರು. "ಇನ್ನು, ಪಟ್ಟಿಯಲ್ಲಿ ಇಲ್ಲದವರು" ಎಂದು ಶುರುಮಾಡಿದರು. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಪ್ರದೇಶ ಸಮಾಚಾರ ಓದುತ್ತಿದ್ದವರು, ಹೊಲಿಗೆ ಅಂಗಡಿ ಮುಚ್ಚಿ ಬಂದು ರೈತ ಮಾವನಾಗುತ್ತಿದ್ದವರು, ತಮಿಳು ಮನೆಮಾತಾದರೂ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದ ಟೀಚರಮ್ಮ. ಒಬ್ಬೊಬ್ಬರ ಹೆಸರನ್ನೂ ಚೀಟಿಯಿಲ್ಲದೆ ಹೇಳಿದರು. ಕೊನೆಗೆ, ಅನೌನ್ಸ್‌ಮೆಂಟಿನ ಅದೇ ದನಿಯಲ್ಲಿ, ತಮ್ಮ ಹೆಸರು.

ನನ್ನ ಹಿಂದಿನ ಸಾಲಿನಲ್ಲಿದ್ದ ಹೆಂಗಸು ಪಕ್ಕದವರನ್ನು ತಿವಿದರು. "ಏ, ಬೋರ್ಡೋ ದ್ರಾವಣದ ಅಕ್ಕ ಕಣೇ! ಇಷ್ಟು ಬೆಳ್ಳಗಿದ್ದಾರಾ?"

ಚಪ್ಪಾಳೆ ಜೋರಾಗಿಯೇ ಬಿತ್ತು. ಅಧ್ಯಕ್ಷರೂ ತಟ್ಟಿದರು, ಎರಡು ಬೆರಳಿನಲ್ಲಿ.

ಸಮಾರಂಭದ ಧ್ವನಿಮುದ್ರಣ ಭಾನುವಾರ ಮಧ್ಯಾಹ್ನ ಪ್ರಸಾರವಾಗುತ್ತದೆ ಎಂದರು. ನಾನೂ ಅಮ್ಮನೂ ಬಸ್ಸು ಹತ್ತಿ ಭದ್ರಾವತಿಗೆ ಹೋದೆವು. ದೊಡ್ಡಮ್ಮ ಚಿತ್ರಾನ್ನ ಮಾಡಿ, ಪಕ್ಕದ ಮನೆಯವರನ್ನೂ ಕರೆದು ಕೂರಿಸಿದ್ದರು. ಪಟ್ಟಿ ಬಂತು. ಕೊನೆಯ ಅಧಿಕಾರಿ ಬಂದರು. ಚಪ್ಪಾಳೆ. ಅದರ ಹಿಂದೆಯೇ ವಂದನಾರ್ಪಣೆ.

ಪಕ್ಕದ ಮನೆಯವರು ಚಿತ್ರಾನ್ನ ಚೆನ್ನಾಗಿದೆ ಎಂದರು.

"ಕಟ್ ಮಾಡಿದ್ದು ಗೊತ್ತೇ ಆಗಲ್ಲ, ನೋಡು" ಎಂದರು ದೊಡ್ಡಮ್ಮ. "ಉಸಿರೂ ಕೇಳ್ಸಲ್ಲ. ಕೆಲಸ ಕಲ್ತಿದ್ದಾರೆ." ಆಮೇಲೆ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು.

ಸಂಜೆ ಕೇಂದ್ರದಿಂದ ಫೋನು. "ಮೇಡಂ, ನಾಳೆ ಬೆಳಗಿನ ಪ್ರಸಾರಕ್ಕೆ ಯಾರೂ ಸಿಗ್ತಿಲ್ಲ. ಯಾವಾಗ್ಲಿನ ಹಾಗೆ ನೀವೊಂಚೂರು..."

"ಆಗಲ್ಲ ಸಾರ್."

ಆ ಕಡೆಯವರು ತಪ್ಪು ನಂಬರಿಗೆ ಹೋಯಿತೇನೋ ಎಂಬಂತೆ ಮತ್ತೆ ಹೆಸರು ಹೇಳಿ ವಿಚಾರಿಸಿದರು.

"ನಾನೇ ಸಾರ್. ಬರಲ್ಲ" ಎಂದು ದೊಡ್ಡಮ್ಮ ಇಟ್ಟೇಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ಯಾಕೆ ಅಂತ ಹೇಳ್ಬೇಕಿತ್ತು ದೊಡ್ಡಮ್ಮ! ಒಂದೊಂದೇ ಪಾಯಿಂಟ್ ಹಾಕಿ ಹೇಳ್ಬೇಕಿತ್ತು!"

"ಹೇಳಿದ್ರೆ ಅವರು ಅದಕ್ಕೊಂದು ಉತ್ತರ ಕೊಡ್ತಾರೆ ಮಾರಾಯ್ತಿ. ನಿಂಗೆ ಕೊಡ್ಲಿಲ್ವಾ?"

ರಾತ್ರಿ ಅಲ್ಲೇ ಉಳಿದು, ಮಾರನೆಯ ಬೆಳಗ್ಗೆ ರೇಡಿಯೋ ಹಾಕಿದೆವು. ಅನೌನ್ಸ್‌ಮೆಂಟ್ ಇರಬೇಕಾದ ಜಾಗದಲ್ಲಿ ಶಹನಾಯಿ. ಅದು ಮುಗಿದು ಇನ್ನೊಂದು ಶಹನಾಯಿ. ಗಂಟೆ ಎಷ್ಟಾಯಿತು, ಮುಂದೆ ಏನು ಬರುತ್ತದೆ ಎಂದು ಹೇಳುವವರಿಲ್ಲದೆ ಭದ್ರಾವತಿ ಪೂರ್ತಿ ಅರ್ಧ ಗಂಟೆ ಮದುವೆ ಮನೆಯಾಗಿತ್ತು. ದೊಡ್ಡಮ್ಮ ವಾಲ್ಯೂಮ್ ಸ್ವಲ್ಪ ಹೆಚ್ಚಿಸಿ, ಎರಡನೇ ಸಲ ಕಾಫಿಗೆ ಇಟ್ಟರು.