ಫ್ಯಾನಿಗೆ ಕಟ್ಟಿದ ಕೊಬ್ಬರಿ

ಕಪ್ಪು ಟೇಪಿನ ಒಂದು ತುದಿ ಅಂಟು ಬಿಟ್ಟು, ಉಗುರಿನಷ್ಟೇ, ಹೊರಕ್ಕೆ ಸುರುಳಿಯಾಗಿತ್ತು. ಅದರ ಕೆಳಗಿನಿಂದ ಕೆಂಪು ದಾರ ಇಳಿದಿತ್ತು. ಫೋಟೋ ದೊಡ್ಡದು ಮಾಡಿದರೆ ಟೇಪಿನ ಸಂದಿಯಲ್ಲಿ ಎಣ್ಣೆಯ ಪಸೆಯೂ ಕಾಣುತ್ತಿತ್ತು. ಮಧ್ಯಾಹ್ನದೊಳಗೆ ಲಕ್ಷ್ಮೇಶ್ವರದ ಎಷ್ಟೋ ಫೋನುಗಳಿಗೆ ಈ ಫೋಟೋ ಮುಟ್ಟಿತ್ತು. ಎಣ್ಣೆಯನ್ನು ಯಾರೂ ನೋಡಿದಂತಿರಲಿಲ್ಲ.

ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಬೆಟಗೇರಿಯಿಂದ ಹೊರಟು, ಮುಳಗುಂದ ಹಾಯ್ದು ಬರುವ ಬಸ್ಸಿನಲ್ಲಿ ದಿನಾ ಹೋಗಿ ಬರುತ್ತೇನೆ. ನಾಗರಪಂಚಮಿ ಮುಗಿದ ವಾರ ಅದು. ಪ್ರಾರ್ಥನೆಗೆ ಮುಂಚೆ ಹತ್ತನೆಯ ತರಗತಿಯ ಕಿಟಕಿ ತೆರೆಯಲು ಹೋದ ಹೆಡ್‌ಮಾಸ್ತರರು ತಲೆ ಎತ್ತಿದಾಗ, ಫ್ಯಾನಿನ ರೆಕ್ಕೆಗೆ ಕಟ್ಟಿದ ಕರಿ ಉಂಡೆಯೊಂದು ತೂಗಾಡುತ್ತಿತ್ತು.

ಅವರು ಮುಂಡರಗಿ ಕಡೆಯವರು. ಗುಡ್ಡದ ಅಂಚಿನ ಹೊಲಗಳಲ್ಲಿ ಕಾಡುಹಂದಿ ಕೊಲ್ಲಲು ಕೆಲವರು ಕದ್ದು ಇಡುವ ಮದ್ದಿನ ಉಂಡೆ ಅವರಿಗೆ ಗೊತ್ತು. ತಿನ್ನುವ ಪದಾರ್ಥದೊಳಗೆ ಮದ್ದು ಇಟ್ಟು ದಾರದಿಂದ ಬಿಗಿದಿರುತ್ತಾರಂತೆ. ಅವರ ಮನೆಯ ಎತ್ತೊಂದು ಅಂಥದಕ್ಕೆ ಬಾಯಿ ಹಾಕಿ ದವಡೆ ಕಳೆದುಕೊಂಡದ್ದನ್ನು ಒಮ್ಮೆ ಹೇಳಿದ್ದರು. ಮೇಲಾಗಿ, ಶಾಲೆಗಳಿಗೆ ಬರುವ ಬೆದರಿಕೆ ಮೇಲ್‌ಗಳ ಬಗ್ಗೆ ಸುತ್ತೋಲೆ ಆಗಷ್ಟೇ ಬಂದಿತ್ತು. ಅವರು ಹೆದರಿದ್ದು ಸಹಜ. ಪೊಲೀಸರಿಗೆ ಫೋನ್ ಮಾಡಿದ ಮೇಲೆ ಆದದ್ದು ಯಾರ ಕೈಯಲ್ಲೂ ಉಳಿಯಲಿಲ್ಲ.

ಮಕ್ಕಳನ್ನು ಮೈದಾನದಾಚೆಯ ಬೇವಿನ ಗಿಡದ ಕೆಳಗೆ ಕೂಡಿಸಿದೆವು. ಜೀಪು ಬಂತು, ದಪ್ಪ ಅಂಗಿ ತೊಟ್ಟವರು ಬಂದರು, ನಾಯಿ ಬಂತು. ಉಂಡೆಯನ್ನು ಗಳದಿಂದ ಇಳಿಸಿದಾಗ ನಾಯಿ ಮೂಸಿ, ನೆಕ್ಕಲು ಹೋಯಿತು. ಹಿಡಿದವರು ಹಿಂದಕ್ಕೆಳೆದರು. ಬಿಚ್ಚಿ ನೋಡಿದರೆ ಮುಖಾಮುಖಿ ಕೂಡಿಸಿದ ಎರಡು ಕೊಬ್ಬರಿ ಬಟ್ಟಲು, ಪಂಚಮಿಯಲ್ಲಿ ಮಕ್ಕಳು ದಾರ ಪೋಣಿಸಿ ಎಳೆದು ತಿರುಗಿಸುವಂಥವು; ಒಳಗೆ ಒಂದು ಹಿಡಿ ಹುಣಸೆಬೀಜ.

ಗಣಿತದ ಮಾಸ್ತರರು ತರಗತಿಗೆ ಬಂದವರೇ ಫ್ಯಾನು ಜೋರು ಮಾಡಿ ಅದರ ಕೆಳಗೆ ನಿಲ್ಲುತ್ತಾರೆ. ಆಗ ತಲೆಯ ಮೇಲೆ ಗಡಗಡ ಸದ್ದಾಗಲಿ ಎಂಬುದು ಉಪಾಯ. ಯಾರು ಮಾಡಿದ್ದು ಎಂದು ಕೇಳಿದ ಕೂಡಲೇ ಹುಡುಗಿಯೊಬ್ಬಳು ನಗುತ್ತಲೇ ಕೈ ಎತ್ತಿದಳು. ಉಳಿದವರೂ ನಗುತ್ತಾರೆ ಅಂದುಕೊಂಡಿದ್ದಳೇನೋ. ಅವಳು ತನ್ನ ಹೆಸರು ಹೇಳಿದ ಮೇಲೆ ಯಾರೂ ನಗಲಿಲ್ಲ.

ಬಂದವರಲ್ಲಿ ಹಿರಿಯ ಅಧಿಕಾರಿ ಒಂದು ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತ ಹೇಳಿದರು: "ಒಳಗ ಏನೂ ಇಲ್ಲ. ಅದ ನನಗ ಸಂಶಯ."

ಪೊಲೀಸರು ಎಷ್ಟು ಹೊತ್ತಿಗೆ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂದು ನೋಡಲು ಯಾರೋ ಮಾಡಿಸಿರಬೇಕು, ಇದು ರಿಹರ್ಸಲ್ ಎಂದು ಅವರ ಅಂದಾಜು. ಟೇಪು ಎಲ್ಲಿಯದು ಎಂದು ಕೇಳಿದರು. ತಂದೆಯ ಮೋಟರ್ ವೈಂಡಿಂಗ್ ಅಂಗಡಿಯದು ಎಂದಳು. ಇಬ್ಬರು ಅಂಗಡಿ ನೋಡಲು ಹೋದರು. ಕೊಬ್ಬರಿ? ಪಕ್ಕದ ಮನೆಯವರು ಪಂಚಮಿಗೆ ಕೊಟ್ಟದ್ದು. ಪಂಚಮಿ ನಿಮ್ಮ ಹಬ್ಬ ಅಲ್ಲವಲ್ಲ, ನಿಮಗೇಕೆ ಕೊಟ್ಟರು? ಪ್ರತಿ ವರ್ಷ ಕೊಡುತ್ತಾರೆ ಎಂದಳು. ಆ ಉತ್ತರವನ್ನು ಅವಳಿಂದ ಮತ್ತೆ ಮತ್ತೆ ಹೇಳಿಸಿದರು. ಪ್ರತಿ ಸಲವೂ ಅವಳ ದನಿ ಸಣ್ಣದಾಯಿತು, ಉತ್ತರ ಸುಳ್ಳಿನಂತೆ ಕೇಳತೊಡಗಿತು.

ಹೆಡ್‌ಮಾಸ್ತರರು ನನ್ನನ್ನು ಕರೆದರು. ಮೇಜು ನೋಡುತ್ತ ಮಾತಾಡಿದರು. "ಟೀಚರ್, ನೀವೊಮ್ಮೆ ಆಕೀನ ಕೇಳ್ರಿ. ನಿಮ್ಮ ಭಾಷಾದಾಗ. ನಮ್ಮ ಮುಂದ ಹೇಳಲಾರದ್ದು ನಿಮ್ಮ ಮುಂದ ಹೇಳ್ಯಾಳು."

ಶಾಲೆಯಲ್ಲಿ ನಾನು ಕನ್ನಡವನ್ನೇ ಆಡುತ್ತೇನೆ. ಮನೆಯ ಮಾತು ಮನೆಯಲ್ಲಿರಲಿ ಎಂಬುದು ನನ್ನ ಅಭ್ಯಾಸ. ಆ ದಿನ ಪ್ರಯೋಗಾಲಯದ ಬಾಗಿಲು ಮುಚ್ಚಿ, ಸ್ಟೂಲಿನ ಮೇಲೆ ಕೂತಿದ್ದ ಅವಳನ್ನು ಉರ್ದುವಿನಲ್ಲಿ ಕೇಳಿದೆ, ಯಾರಾದರೂ ಹೇಳಿಕೊಟ್ಟರೇ ಎಂದು.

ಅವಳು ನನ್ನ ಮುಖವನ್ನೇ ನೋಡಿದಳು. ಉತ್ತರ ಕನ್ನಡದಲ್ಲಿ ಬಂತು. "ದಿನಾ ಕನ್ನಡದಾಗ ಮಾತಾಡ್ತೀರಿ. ಇವತ್ತ ಯಾಕ್ರಿ ಟೀಚರ್?"

ಅವಳೇ ಮುಂದುವರಿಸಿದಳು. "ಅಬ್ಬಾನ ಕರಸ್ತಾರೇನ್ರಿ? ಈ ಶಾಲಿ ಬಿಡಿಸಿದ್ರ ಅವರು ಮತ್ತೊಂದ ಕಡೆ ಹಚ್ಚೂದಿಲ್ಲ. ಅಕ್ಕಂದೂ ಹಂಗ ಆತು." ಅಕ್ಕ ಒಂಬತ್ತನೆಯ ತರಗತಿಗೆ ಬಿಟ್ಟವಳು ಈಗ ಮನೆಯಲ್ಲಿದ್ದಾಳೆಂದು ನನಗೆ ಗೊತ್ತಿತ್ತು.

ಯಾರೂ ಹೇಳಿಕೊಟ್ಟಿಲ್ಲ, ಹುಡುಗಾಟ ಅಷ್ಟೇ ಎಂದು ಹೆಡ್‌ಮಾಸ್ತರರಿಗೆ ತಿಳಿಸಿದೆ. ಆತು ಎಂದರು. ನಾನು ಬಾಗಿಲಿನವರೆಗೆ ಹೋದಾಗ ಹಿಂದಿನಿಂದ ಕೇಳಿದರು: "ಖರೆ ಹೇಳಾಕತ್ತೀರಲ್ರಿ?"

ತಿರುಗಿ ಹೌದು ಎಂದೆ. ಮರುದಿನ ಬೆಳಿಗ್ಗೆ ಅವಳ ತಂದೆಯನ್ನು ಅವರು ಬರಹೇಳಿದ್ದರು. ವರ್ಗಾವಣೆ ಪತ್ರ ಕೊಟ್ಟು ಕಳಿಸುವುದು, ನಡತೆಯ ಜಾಗದಲ್ಲಿ ತೃಪ್ತಿಕರವಲ್ಲ ಎಂದು ಬರೆಯುವುದು, ಇದು ಅವರ ತೀರ್ಮಾನ. ಅದನ್ನು ನೋಡಿದ ಮೇಲೆ ಬೇರೆ ಯಾವ ಶಾಲೆಯೂ ಹತ್ತನೆಯ ತರಗತಿಗೆ ತೆಗೆದುಕೊಳ್ಳುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಯಿ ಕರಸೀನ್ರಿ ನಾನು. ಮ್ಯಾಲಿನವರಿಗೆ ಏನರ ತೋರಿಸಬೇಕಲ್ಲ."

ಸ್ಟಾಫ್ ರೂಮಿನಲ್ಲಿ ನನಗೆ ಚಹಾ ಕೊಟ್ಟರು. ನಾನು ಒಳಗೆ ಹೋಗುವ ಮುಂಚೆ ನಡೆದಿದ್ದ ಮಾತು ಮಾತ್ರ ಮುಂದುವರಿಯಲಿಲ್ಲ. ಅವರು ನನ್ನ ವಿಷಯವನ್ನೇ ಆಡುತ್ತಿದ್ದರೆಂದು ಹೇಳಲಾರೆ. ಆ ದಿನ ಯಾರು ಸುಮ್ಮನಾದರೂ ಅದಕ್ಕೊಂದು ಅರ್ಥ ಹಚ್ಚುತ್ತಿದ್ದೆ.

ಸಂಜೆಯ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಅದೇ ಫೋಟೋ ನೋಡುತ್ತಿದ್ದರು. ಬಾಂಬೇ ಇತ್ತಂತೆ, ಮುಚ್ಚಿ ಹಾಕಿದರಂತೆ ಎಂದು ಒಬ್ಬರು. ಇನ್ನೊಬ್ಬರು ಹಿಂದಕ್ಕೆ ತಿರುಗಿ, ನನ್ನ ತಲೆಯ ಮೇಲಿನ ದುಪಟ್ಟಾ ನೋಡಿ, ದನಿ ಇಳಿಸಿದರು. ನನ್ನ ಚೀಲದಲ್ಲಿ ಹಳೆಯ ಚಾರ್ಜರ್ ಇತ್ತು. ಅದರ ಹರಿದ ವೈರಿಗೆ ನಾನೇ ಕಪ್ಪು ಟೇಪು ಸುತ್ತಿದ್ದೆ. ಅದನ್ನು ಪುಸ್ತಕಗಳ ಕೆಳಗೆ ತಳ್ಳಿ, ಚೀಲದ ಜಿಪ್ಪು ಎಳೆದು, ಊರು ಬರುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡು ಕೂತೆ.

ಮರುದಿನ ಬೆಳಿಗ್ಗೆ ಪಕ್ಕದ ನೇಕಾರರ ಮನೆಗೆ ಹೋದೆ. ನಮ್ಮದೂ ಅವರದೂ ಒಂದೇ ಗೋಡೆ, ಅವರ ಮಗ್ಗದ ಸದ್ದಿನಲ್ಲೇ ನಾನು ಓದಿ ಬೆಳೆದವಳು. ಒಂದು ಕೊಬ್ಬರಿ ಬಟ್ಟಲು ಬೇಕು ಎಂದೆ, ತೂತು ಕೊರೆದು ದಾರ ಹಾಕಿ.

ಆ ಮನೆಯ ಕಾಕು ಒಲೆಯ ಮುಂದಿನಿಂದಲೇ ನೋಡಿದರು. "ಲಗ್ನದ ವಯಸ್ಸಿನ್ಯಾಕಿ ಈಗ ಕೊಬ್ಬರಿ ತಿರುಗಸ್ತೀ?" ಎಂದವರು ದಬ್ಬಣ ಕಾಯಿಸಿ ಎರಡು ತೂತು ಮಾಡಿ, ಮಗ್ಗದ ಕೆಂಪು ದಾರ ಪೋಣಿಸಿ ಕೊಟ್ಟರು. ಯಾಕೆಂದು ಮತ್ತೆ ಕೇಳಲಿಲ್ಲ.

ಹೆಡ್‌ಮಾಸ್ತರರ ಕೋಣೆಯ ಹೊರಗೆ ಹುಡುಗಿಯ ತಂದೆ ಚಪ್ಪಲಿ ಬಿಟ್ಟು ನಿಂತಿದ್ದರು. ಅವಳು ಅವರ ಹಿಂದೆ. ಪತ್ರ ಮೇಜಿನ ಮೇಲಿತ್ತು, ಸಹಿ ಇನ್ನೂ ಆಗಿರಲಿಲ್ಲ. ನಾನು ಒಳಗೆ ಹೋಗಿ ದಾರದ ಎರಡೂ ತುದಿಗೆ ಬೆರಳು ಸಿಕ್ಕಿಸಿ, ಬಟ್ಟಲನ್ನು ಸುತ್ತಿ ಎಳೆದೆ. ಮೊದಲ ಸಲ ಗಂಟಾಯಿತು. ಬಿಡಿಸಿ ಮತ್ತೆ ಎಳೆದೆ. ಗುಂಯ್ ಎಂದು ತಿರುಗಿತು.

ಹೆಡ್‌ಮಾಸ್ತರರು ಪೆನ್ನು ಹಿಡಿದೇ ಇದ್ದರು. ಎಲ್ಲಿಂದ ತಂದಿರಿ ಎಂದು ಕೇಳಿದರು.

"ಬಾಜೂ ಮನಿಯವರು ಕೊಟ್ರು ಸರ್," ಎಂದೆ. "ಪ್ರತಿ ವರ್ಷ ಕೊಡ್ತಾರ."

ಬಟ್ಟಲು ತಿರುಗಿ ನಿಂತ ಮೇಲೆ, ಅದನ್ನು ಆ ಪತ್ರದ ಮೇಲೆ, ಸಹಿ ಮಾಡುವ ಜಾಗದಲ್ಲಿ ಇಟ್ಟೆ.