ಕೋಡಿನ ಬಣ್ಣದ ಬಾಗಿಲು

ಬಣ್ಣ ಕೀಳುವ ದ್ರಾವಣ ಹಚ್ಚಿ ಸ್ವಲ್ಪ ಹೊತ್ತಾದರೆ ಬಾಗಿಲಿನಿಂದ ಒಂದು ನಾತ ಏಳುತ್ತದೆ. ಸುಟ್ಟ ಎಣ್ಣೆ, ಸೀಮೆಎಣ್ಣೆ, ಅದರಡಿ ಇನ್ನೇನೋ... ದನದ ಮೈ ಎಂದು ಬರೆಯಬೇಕೆನಿಸುತ್ತದೆ. ಅದು ಮೂಗಿಗೆ ಬಂದದ್ದೋ, ನಾನೇ ಸೇರಿಸಿದ್ದೋ ಗೊತ್ತಿಲ್ಲ. ಈ ಬಾಗಿಲ ಮುಂದೆ ಕುಳಿತು ವಾರವಾಯಿತು. ಹಿರೇಕೆರೂರಿನ ಮನೆಯ ರಿಪೇರಿ ಶುರುವಾದಾಗ ಹೆಂಡತಿ ಕೆಳಮೂಲೆಯಲ್ಲಿ ಎದ್ದಿದ್ದ ಚಕ್ಕೆಯೊಂದನ್ನು ಕಿತ್ತು, "ಒಳಗ ಸಾಗವಾನಿ ಐತ್ರಿ! ಇದನ್ನ ಮುಚ್ಚಿಟ್ಟಾರಲ್ಲ, ಎಂಥಾ ಮಂದಿ!" ಎಂದಿದ್ದಳು.

ಮುಚ್ಚಿಟ್ಟವಳು ನನ್ನ ಅತ್ತಿ, ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದವಳು. ಎತ್ತುಗಳ ಉಸ್ತುವಾರಿಯೆಲ್ಲ ಅವಳದೇ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಮರುದಿನಕ್ಕೆ ಇಡುತ್ತಿರಲಿಲ್ಲ. "ಬಸವಣ್ಣಗ ಹಚ್ಚಿದ್ದು, ಚೆಲ್ಲಾಕ ಬರೂದಿಲ್ಲ" ಎಂದು ಸೀದಾ ತಲೆಬಾಗಿಲಿಗೆ ಬಳಿಯುತ್ತಿದ್ದಳು. ಬಣ್ಣ ಮುಗಿದಲ್ಲಿಗೆ ಕೆಲಸವೂ ಮುಗಿಯಿತು. ಒಂದು ವರ್ಷ ಒಂದು ಕದ ಪೂರ್ತಿ, ಇನ್ನೊಂದು ಮೊಣಕಾಲಿನ ತನಕ.

ಎದುರುಮನೆಯವಳು ಬಿಡುತ್ತಿರಲಿಲ್ಲ. "ಏನಬೇ ಅಕ್ಕಾ, ಬಾಗಲಕ್ಕೂ ಕೋಡು ಮೂಡ್ಯಾವೇನ?"

"ಮೂಡ್ಯಾವ. ಸನೇಕ ಬಾ, ಹಾಯ್ತೈತಿ."

ಮುಟ್ಟಿದರೆ ಕೈ ಮುರಿಯುತ್ತೇನೆಂದು ನಮ್ಮನ್ನೆಲ್ಲ ಹೆದರಿಸಿ, ಒಣಗಿತೋ ಇಲ್ಲವೋ ನೋಡಲು ತಾನು ಮಾತ್ರ ಹೆಬ್ಬೆರಳು ಒತ್ತುತ್ತಿದ್ದಳು. ಚಿಲಕಕ್ಕಿಂತ ತುಸು ಮೇಲೆ, ಅದೇ ಜಾಗದಲ್ಲಿ, ಯಾವಾಗಲೂ ಒಣಗುವ ಮೊದಲೇ. ಅಲ್ಲೊಂದು ಗುಳಿ ಬಿದ್ದಿತ್ತು. ಹೊಸ ಬಣ್ಣ ಅದನ್ನು ತುಂಬುವಷ್ಟರಲ್ಲಿ ಮತ್ತೆ ಒತ್ತಿರುತ್ತಿದ್ದಳು. ಎತ್ತು ಮಾರಿದ ಮೇಲೆ ಬಣ್ಣ ನಿಂತಿತು. ಅವಳೂ ಹೆಚ್ಚು ದಿನ ಉಳಿಯಲಿಲ್ಲ... ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ಗುಳಿ ಇತ್ತು. ಅದೊಂದು ಉಳಿಯಲಿ ಎಂಬುದಷ್ಟೇ ನನ್ನ ಹಟ.

ಬಾಗಿಲು ಕೆಂಪಗಿತ್ತು ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಈಗ ಕೆರೆದರೆ ಹಸಿರು, ನೀಲಿ, ಬೆಳ್ಳಿ, ಮತ್ತೆ ಹಸಿರು. ಕೆಂಪು ಎಲ್ಲೂ ಇಲ್ಲ. ಕೆಂಪಗಿದ್ದದ್ದು ಕೋಡುಗಳು ಎನ್ನೋಣವೆಂದರೆ, ಅದೇ ಡಬ್ಬಿ ಇಲ್ಲಿಗೂ ಬರಬೇಕಿತ್ತಲ್ಲ. ಹಾಗಾದರೆ ಇಷ್ಟು ವರ್ಷ ನಾನು ಯಾರ ಮನೆಯ ಬಾಗಿಲನ್ನು ನೆನೆಯುತ್ತಿದ್ದೆ? ಬಣ್ಣವಾದರೂ ಸರಿಯಾಗಿ ಬಿಡುತ್ತದೆಯೇ? ಒಂದು ಕಡೆ ಚಕ್ಕೆಯಾಗಿ ಸಿಡಿಯುತ್ತದೆ, ಇನ್ನೊಂದು ಕಡೆ ಬೆಲ್ಲದ ಪಾಕದಂತೆ ಕೆರೆಯುವ ಪಟ್ಟಿಗೇ ಅಂಟುತ್ತದೆ. ಕೆತ್ತನೆಯ ಸಂದಿಯಲ್ಲಿ ಕೂತದ್ದು ಏನು ಮಾಡಿದರೂ ಏಳುವುದಿಲ್ಲ. ಕೈಗವಸು ತೂತಾಗಿ ಬೆರಳುಗಳು ಉರಿಯುತ್ತವೆ.

ಗುಳಿಯ ಸುತ್ತ ಅಂಗೈಯಗಲ ಬಿಟ್ಟು ಉಳಿದದ್ದನ್ನೆಲ್ಲ ತೆಗೆದೆ. ಬಡಿಗ ಬಂದು ನೋಡಿದ.

"ಅಲ್ರೀ ಸರ, ಇದೊಂದ್ ಯಾಕ ಬಿಟ್ಟೀರಿ? ದೃಷ್ಟಿಬೊಟ್ಟೇನು?"

ಹೇಳಿದೆ. ಅವನ ನಗು ನಿಂತಿತು. "ಉಳಸಾಕ ಬರೂದಿಲ್ರಿ. ಸುತ್ತಲಿಂದು ತಗದ ಮ್ಯಾಲ ಅಂಚು ಎದ್ದೈತಿ ನೋಡ್ರಿ. ಇವತ್ತಿಲ್ಲಂದ್ರ ನಾಳಿ ತಾನ ಬೀಳ್ತೈತಿ."

ಎದ್ದಿಲ್ಲ, ಗಟ್ಟಿಯಾಗಿದೆ ಎಂದು ನಾನು ವಾದಿಸಿದೆ. ವಾದಿಸುತ್ತ ಅಂಚನ್ನು ಮುಟ್ಟಿ ತೋರಿಸಿದೆ. ಬಿಲ್ಲೆಯಂತೆ ಕಳಚಿ ಕೈಗೆ ಬಂತು. ಹಿಡಿದುಕೊಳ್ಳಲು ಹೋದರೆ ಚೂರುಚೂರಾಯಿತು.

ಅದರಡಿ ಕಟ್ಟಿಗೆ ನುಣ್ಣಗಿತ್ತು. ಗುಳಿಯ ಗುರುತೂ ಇಲ್ಲ. ಅಷ್ಟು ವರ್ಷ ಒತ್ತಿದ ಬೆರಳು ಕಟ್ಟಿಗೆಯನ್ನು ತಲುಪಿಯೇ ಇರಲಿಲ್ಲ. ಅವಳು ಇದ್ದದ್ದೆಲ್ಲ ನಾನು ವಾರವಿಡೀ ಕೆರೆದು ಹಳೇ ಪೇಪರಿನ ಮೇಲೆ ಗುಡ್ಡೆ ಹಾಕಿದ ಬಣ್ಣದಲ್ಲೇ.

ಇವತ್ತು ಪಾಲಿಶ್ ಆಯಿತು. ಸಾಗವಾನಿ ಹೊಳೆಯುತ್ತಿದೆ. ಬಂದವರೆಲ್ಲ ಹೊಗಳಿದರು. ನನಗೆ ಮಾತ್ರ ಇದು ನಮ್ಮ ಬಾಗಿಲೆಂದು ಗುರುತು ಹತ್ತುತ್ತಿಲ್ಲ. ಸುಮ್ಮನೆ ಚಿಲಕದ ಮೇಲಕ್ಕೆ ಕೈ ಒಯ್ದೆ.

"ಮುಟ್ಟಬ್ಯಾಡ್ರಿ ಸರ, ಇನ್ನೂ ಹಸಿ ಐತಿ," ಎಂದ ಬಡಿಗ.

ಕೈ ಹಿಂದಕ್ಕೆಳೆದುಕೊಂಡೆ. ಅವಳಾಗಿದ್ದರೆ ಒತ್ತಿಯೇ ಬಿಡುತ್ತಿದ್ದಳು...